ಬೇಡವೆಂದಿರಿ, ಯಾಕೆಂದು ಹೇಳಲಿಲ್ಲ

ಸಂಶೋಧನೆಗಳ ನೈತಿಕತೆಯನ್ನು ಕಾಯುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡನ ಎರಡೂ ಮೂತ್ರಪಿಂಡಗಳು ಕೆಡುತ್ತಿವೆ ಎಂಬುದು ನಮಗೆ ತಿಳಿಯುವುದಕ್ಕಿಂತ ಒಂದು ವರ್ಷ ಮೊದಲೇ ನಿಮ್ಮ ಸಂಸ್ಥೆಗೆ ತಿಳಿದಿತ್ತು. ನಿಮ್ಮವರು ಅವರ ರಕ್ತ ನೋಡಿದ್ದರು, ಮೂತ್ರ ನೋಡಿದ್ದರು, ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಒಳಗಿನ ಚಿತ್ರ ತೆಗೆದಿದ್ದರು. ಅನುಮಾನ ಬಂದಾಗ ಮತ್ತೊಮ್ಮೆ ಕರೆಸಿ, ಮತ್ತೊಮ್ಮೆ ರಕ್ತ ತೆಗೆದು ಖಾತ್ರಿ ಮಾಡಿಕೊಂಡಿದ್ದರು. ಆಮೇಲೆ ಫೋನ್ ಮಾಡಿ ಒಂದು ಮಾತು ಹೇಳಿದರು: ನೀವು ನಮ್ಮ ಅಧ್ಯಯನಕ್ಕೆ ಹೊಂದುವುದಿಲ್ಲ, ಇನ್ನು ಬರಬೇಡಿ. ಯಾಕೆ ಹೊಂದುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಇದನ್ನು ಲಕೋಟೆಯಲ್ಲಿ ಹಾಕಿ ನಿಮಗೊಬ್ಬರಿಗೇ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಳಿಸಿದ್ದೆ. ಅದಕ್ಕೆ ನೀವು ಕೊಟ್ಟ ಉತ್ತರ ಎಂಥದ್ದೆಂದು ಮುಂದೆ ಬರೆಯುತ್ತೇನೆ. ಈಗ ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ನನ್ನ ಗಂಡನಿಗೆ ಬಂದಂಥ ಫೋನ್ ಕರೆ ಇನ್ನೂ ಎಷ್ಟೋ ಮಂದಿಗೆ ಬಂದಿದೆ. ಅವರು ಯಾರೆಂದು ನನಗೆ ಗೊತ್ತಿಲ್ಲ. ಅವರಲ್ಲೊಬ್ಬರಾದರೂ ಇದನ್ನು ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಗಂಡ ಲಕ್ಷ್ಮಣ ಬಸ್ ಕಂಡಕ್ಟರ್. ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯಲ್ಲಿ ಅವರ ಹೆಸರು ಗೊತ್ತಿಲ್ಲದಿದ್ದರೂ ದನಿ ಗೊತ್ತಿಲ್ಲದವರು ಕಡಿಮೆ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಮುಂದಿನ ಬಾಗಿಲ ಮೆಟ್ಟಿಲ ಮೇಲಿದ್ದವರೂ ಒಳಗೆ ಸರಿಯುತ್ತಿದ್ದರು. ನಲವತ್ತು ದಾಟಿದ ಮನುಷ್ಯ. ಬೀಡಿ ಇಲ್ಲ, ಕುಡಿತ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಇದ್ದದ್ದು ಒಂದೇ, ಸೊಂಟನೋವು. ದಿನವಿಡೀ ಅಲುಗಾಡುವ ಬಸ್ಸಿನಲ್ಲಿ ನಿಲ್ಲುವವರಿಗೆ ಅದು ನೌಕರಿಯ ಜೊತೆಗೇ ಬರುತ್ತದೆ. ಅದಕ್ಕೆ ಔಷಧದಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದರು. ದಾರಿಯಲ್ಲಿ ಮೂತ್ರಕ್ಕೆ ಇಳಿಯುವುದು ಕಷ್ಟವೆಂದು ನೀರು ಕಡಿಮೆ ಕುಡಿಯುತ್ತಿದ್ದರು. ಇವೆರಡೂ ಅವರನ್ನು ಒಳಗೊಳಗೇ ತಿನ್ನುತ್ತಿವೆ ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಗೊತ್ತಿದ್ದವರು ನೀವೊಬ್ಬರೇ.

ನಿಮ್ಮ ತಂಡದವರು ಡಿಪೋಗೆ ಬಂದದ್ದು ಬೇಸಿಗೆಗೆ ಮುಂಚೆ. ದಢೇಸುಗೂರು, ತುರ್ವಿಹಾಳ, ಆರ್.ಎಚ್. ಕ್ಯಾಂಪಿನ ಕಡೆ ಭತ್ತದ ಗದ್ದೆಯಲ್ಲಿ ದುಡಿಯುವವರ ಮೂತ್ರಪಿಂಡ ಬೇಗ ಕೆಡುತ್ತದೆಯೇ, ಕೆಟ್ಟರೆ ಯಾಕೆ ಎಂದು ಕಂಡುಹಿಡಿಯುವ ಅಧ್ಯಯನ ಅದು. ಅದಕ್ಕಾಗಿ ಗದ್ದೆಗಿಳಿಯದ, ಆದರೆ ಅದೇ ಸೀಮೆಯ ನೀರು ಕುಡಿದು ಅದೇ ಬಿಸಿಲಲ್ಲಿ ಬದುಕುವ ಆರೋಗ್ಯವಂತರೂ ಬೇಕು, ಇಬ್ಬರನ್ನೂ ಹೋಲಿಸಿ ನೋಡಬೇಕು ಎಂದು ವಿವರಿಸಿದರಂತೆ. ಉಳಿದವರು ಹಿಂದೆ ಮುಂದೆ ನೋಡುತ್ತಿರುವಾಗ ಲಕ್ಷ್ಮಣ ಮೊದಲು ಕೈಯೆತ್ತಿದರಂತೆ. ಮನೆಗೆ ಬಂದು ಹೇಳಿದಾಗ, ಸುಮ್ಮನೆ ಇಲ್ಲದ ಉಸಾಬರಿ ಯಾಕೆ ಎಂದೆ.

“ತುರ್ವಿಹಾಳದ ರೇಣುಕಮ್ಮ ಗೊತ್ತಲ್ಲ ನಿನಗ, ನಾಟಿ ಹಚ್ಚಾಕ ಹೋಗ್ತಿದ್ಳು,” ಎಂದರು. “ಕಿಡ್ನಿ ಹೋಗಿ ಸತ್ಳು. ನಮ್ಮ ಬಸ್ಸಿನ್ಯಾಗ ಅಂಥೋರು ದಿನಾ ಓಡಾಡ್ತಾರ. ಅವ್ರ ಸಲುವಾಗಿ ಮಾಡಾಕತ್ತಾರ. ಒಂದು ಸೂಜಿ ಚುಚ್ಚಿಸ್ಕೊಂಡ್ರ ನಂದೇನು ಹೋಗ್ತೈತಿ?”

ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಿಮ್ಮ ಶಿಬಿರ ನಡೆಯಿತು. ಸಂಜೆ ಮನೆಗೆ ಬಂದವರು ಚಹಾ ಕುಡಿಯುತ್ತ ಅಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿದ್ದು, ಉಸಿರು ಹಿಡಿಯಲು ಹೇಳಿದ್ದು, ಪರದೆಯ ಮೇಲೆ ಮೋಡದಂಥದ್ದೇನೋ ಕಂಡದ್ದು. ನಗುತ್ತಲೇ ಹೇಳಿದರು: “ಡಾಕ್ಟರು ಎರಡೆರಡು ಸಲ ಅಳದ್ರು ನೋಡು. ನನ್ನ ಕಿಡ್ನಿ ಅಷ್ಟು ಛಲೋ ಅದಾವೋ ಏನೋ.” ನಾನೂ ನಕ್ಕೆ. ಮುಂದಿನ ವಾರ ಮತ್ತೆ ರಕ್ತ ಕೊಡಲು ಕರೆದಾಗ ರಜೆ ಹಾಕಿ ಹೋಗಿಬಂದರು. ಅದಾದ ಕೆಲವು ದಿನಕ್ಕೆ ಫೋನ್ ಬಂತು. ಮಾತಾಡಿದವಳು ನಿಮ್ಮ ತಂಡದ ಸಲ್ಮಾ ಎಂಬ ಹುಡುಗಿ. ನಾನು ಅಡುಗೆಮನೆಯಲ್ಲಿದ್ದೆ, ಫೋನಿನ ಧ್ವನಿ ಹೊರಗೆ ಕೇಳುತ್ತಿತ್ತು.

“ಅಣ್ಣಾರ, ನೀವು ನಮ್ಮ ಅಧ್ಯಯನಕ್ಕ ಹೊಂದಂಗಿಲ್ಲಂತ್ರಿ. ಇನ್ನ ಬರೋದು ಬ್ಯಾಡ್ರಿ.”

“ಯಾಕವ್ವಾ, ನನ್ನ ರಕ್ತ ಕೆಂಪಿಲ್ಲೇನು?”

“ನಂಗೂ ಗೊತ್ತಿಲ್ರಿ ಅಣ್ಣಾರ. ಮ್ಯಾಲಿನವರು ಹಂಗ ಹೇಳು ಅಂದಾರ.”

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನವರು ಹೇಳಿದ್ದನ್ನು ಆಕೆ ಹೇಳಿದಳು. ಮೇಲಿನವರು ಏನು ಹೇಳಬಾರದೆಂದು ನಿರ್ಧರಿಸಿದ್ದರೋ ಅದು ಆಕೆಗೂ ಗೊತ್ತಿರಲಿಲ್ಲ.

ಮಾನ್ಯರೇ, ಇಷ್ಟು ದೊಡ್ಡ ಡಾಕ್ಟರುಗಳು, ಇಷ್ಟು ದೊಡ್ಡ ಯಂತ್ರದಲ್ಲಿ ನೋಡಿ, ಏನೂ ಹೇಳದೆ ಕಳಿಸಿದರೆ ಸಾಮಾನ್ಯ ಮನುಷ್ಯ ಏನೆಂದುಕೊಳ್ಳುತ್ತಾನೆ? ಏನೂ ಇಲ್ಲ ಎಂದುಕೊಳ್ಳುತ್ತಾನೆ. ಇದ್ದಿದ್ದರೆ ಹೇಳುತ್ತಿರಲಿಲ್ಲವೇ ಎಂದುಕೊಳ್ಳುತ್ತಾನೆ. ನಿಮ್ಮ ಮೌನವನ್ನು ನಾವು ಆರೋಗ್ಯ ಎಂದು ಓದಿಕೊಂಡೆವು. ನೀವು ಪರೀಕ್ಷೆಯನ್ನೇ ಮಾಡದಿದ್ದರೆ ಎಷ್ಟೋ ಒಳ್ಳೆಯದಿತ್ತು. ಆಮೇಲೆ ಅವರ ಕಾಲು ಬಾತಾಗ ದೊಡ್ಡ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೆವು. ತೋರಿಸೋಣ ಎಂದು ನಾನು ಅಂದಾಗಲೆಲ್ಲ ಅವರು ಹೇಳಿದ್ದು ಒಂದೇ: “ಮೊನ್ನೆ ಎಲ್ಲಾ ನೋಡ್ಯಾರಲ್ಲ. ಕಿಡ್ನಿ, ರಕ್ತ, ಎಲ್ಲಾ. ಇದು ಬಿಸಲಿಂದು.”

ಮೊದಲು ಬೂಟು ಬಿಗಿಯಾದವು. ಬೆಳಿಗ್ಗೆ ಮುಖ ಊದಿಕೊಳ್ಳತೊಡಗಿತು. ಮೈಯೆಲ್ಲ ತುರಿಕೆ. ಜೋಳದ ರೊಟ್ಟಿ ಬಾಯಿಗೆ ಮಣ್ಣಿನ ಹಾಗೆ ಹತ್ತುತ್ತದೆ ಎಂದು ತಾಟು ಸರಿಸುತ್ತಿದ್ದರು. ಸೊಂಟನೋವು ಹೆಚ್ಚಾಯಿತೆಂದು ಇನ್ನೊಂದು ಗುಳಿಗೆ. ಊರಲ್ಲಿ ಒಬ್ಬ ಡಾಕ್ಟರು ಪಿತ್ತ ಎಂದರು, ಔಷಧದಂಗಡಿಯವನು ಗ್ಯಾಸ್ ಎಂದ. ಹೀಗೆ ಒಂದು ವರ್ಷ ಕಳೆಯಿತು. ಕೊನೆಗೆ ಒಂದು ಮಧ್ಯಾಹ್ನ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲಿಳಿದವರು ಅಲ್ಲೇ ಕುಸಿದರು. ಉಸಿರು ಮೇಲೆ ಬರುತ್ತಿರಲಿಲ್ಲ. ಡ್ರೈವರ್ ಉಸ್ಮಾನ್‌ಸಾಬ್ ಅವರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ನಾನು ಶಾಲೆಯಿಂದ ಓಡಿ, ಸಿಕ್ಕ ಗಾಡಿ ಹತ್ತಿ ತಲುಪುವಷ್ಟರಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದ್ದರು.

ಅಲ್ಲಿನ ಡಾಕ್ಟರು ಸ್ಕ್ಯಾನ್ ಮಾಡಿ, ರಕ್ತದ ವರದಿ ಕೈಯಲ್ಲಿ ಹಿಡಿದು ನನ್ನನ್ನು ಹೊರಗೆ ಕರೆದರು. “ಎರಡೂ ಕಿಡ್ನಿ ಸಣ್ಣಾಗ್ಯಾವಮ್ಮ. ಇದು ನಿನ್ನೆ ಮೊನ್ನೆ ಆಗಿದ್ದಲ್ಲ. ಈ ಮೊದ್ಲು ಯಾವಾಗರ ಸ್ಕ್ಯಾನ್ ಮಾಡ್ಸಿದ್ರೇನು?”

“ಮಾಡ್ಸ್ಯಾರ್ರಿ,” ಎಂದೆ. “ಹೋದ ವರ್ಷ. ಎಲ್ಲಾ ಸರಿ ಇತ್ರಿ.”

“ಸರಿ ಇತ್ತು ಅಂತ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ.

ಹಳೆಯ ವರದಿ ತಂದರೆ ಹೋಲಿಸಿ ನೋಡಲು ಅನುಕೂಲ ಎಂದು ಅವರೇ ಹೇಳಿದ್ದರಿಂದ ನಾನು ನಿಮ್ಮ ಸಂಸ್ಥೆಗೆ ಬಂದೆ. ಜಗಳಕ್ಕೆ ಬಂದಿರಲಿಲ್ಲ. ಒಂದು ಕಾಗದ ಕೇಳಲು ಬಂದಿದ್ದೆ. ನಿಮ್ಮ ಕಚೇರಿಯ ತರುಣ ವೈದ್ಯರು ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು, ನೀರು ತರಿಸಿದರು. ಕಂಪ್ಯೂಟರಿನಲ್ಲಿ ಹುಡುಕಿ, ಪರದೆ ನೋಡುತ್ತಲೇ ಹೇಳಿದರು: “ಹೌದು ಮೇಡಂ, ರಕ್ತದಲ್ಲಿ ಕ್ರಿಯಾಟಿನಿನ್ ಹೆಚ್ಚಿತ್ತು, ಅಂದರೆ ಕಿಡ್ನಿ ಕೆಡುತ್ತಿತ್ತು. ಎರಡನೇ ಸಲವೂ ಹೆಚ್ಚೇ ಬಂದಿದೆ. ಸ್ಕ್ಯಾನ್‌ನಲ್ಲೂ ವ್ಯತ್ಯಾಸ ಇತ್ತು. ಅದಕ್ಕೇ ಅವರನ್ನು ಆರೋಗ್ಯವಂತರ ಗುಂಪಿನಿಂದ ಕೈಬಿಟ್ಟೆವು.”

ನಾನು ಕೇಳಿದೆ, “ನಮಗ ಯಾಕ ಹೇಳ್ಲಿಲ್ರಿ?”

ಅವರು ನಿಜಕ್ಕೂ ಆಶ್ಚರ್ಯಪಟ್ಟರು. “ಅವರು ಅಧ್ಯಯನದಲ್ಲಿ ಇರಲಿಲ್ಲವಲ್ಲ ಮೇಡಂ,” ಎಂದರು.

ಆ ತರುಣ ಕೆಟ್ಟವನಲ್ಲ. ಸುಳ್ಳು ಹೇಳಲಿಲ್ಲ, ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೇನಾದರೂ ಅಲ್ಲಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದವರು ವಾಂತಿ ಬರುತ್ತದೇನೋ ಎಂದು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಆಮೇಲೆ ನಾನು ನಿಮ್ಮ ಸಮಿತಿಗೆ ಬರೆದೆ. ಸಂಶೋಧಕರು ತಪ್ಪು ಮಾಡಿದರೆ ಕೇಳುವವರು ನೀವು ಎಂದು ಯಾರೋ ಹೇಳಿದ್ದರು. ನಿಮ್ಮ ಉತ್ತರ ಬಂತು. ಅಚ್ಚುಕಟ್ಟಾದ ಭಾಷೆ, ಒಂದು ಅಕ್ಷರದ ತಪ್ಪಿಲ್ಲ. ಮಕ್ಕಳ ಕಾಪಿ ತಿದ್ದುವ ನನಗೆ ಅದು ಕಣ್ಣಿಗೆ ಬಿತ್ತು. ಅಧ್ಯಯನದಲ್ಲಿ ಪಾಲ್ಗೊಂಡವರ ಆರೋಗ್ಯಕ್ಕೆ ಸಂಬಂಧಿಸಿದ ಗಂಭೀರ ಅಂಶ ಕಂಡುಬಂದರೆ ಅವರಿಗೆ ತಿಳಿಸಬೇಕು ಎಂಬ ನಿಯಮ ನಿಮ್ಮಲ್ಲಿ ಇದೆ ಎಂದು ನೀವೇ ಒಪ್ಪಿಕೊಂಡಿದ್ದೀರಿ. ಸಂತೋಷ. ಆದರೆ ಸದರಿ ವ್ಯಕ್ತಿಯು ಆಯ್ಕೆಯ ಹಂತದಲ್ಲೇ ಹೊರಗುಳಿದ ಕಾರಣ ಅವರನ್ನು ಪಾಲ್ಗೊಂಡವರೆಂದು ಪರಿಗಣಿಸಲಾಗದು, ಆದ್ದರಿಂದ ನಿಯಮದ ಉಲ್ಲಂಘನೆ ಆಗಿಲ್ಲ, ಅವರ ಶೀಘ್ರ ಚೇತರಿಕೆಗೆ ಹಾರೈಸುತ್ತೇವೆ ಎಂದು ಬರೆದಿದ್ದೀರಿ.

ಈ ತರ್ಕವನ್ನು ನಾನು ಎಷ್ಟೋ ಸಲ ಓದಿದ್ದೇನೆ. ರೋಗವಿದ್ದದ್ದರಿಂದ ಹೊರಗೆ ಹಾಕಿದಿರಿ. ಹೊರಗೆ ಹಾಕಿದ್ದರಿಂದ ರೋಗವಿದೆ ಎಂದು ಹೇಳಬೇಕಾಗಲಿಲ್ಲ. ಹಾಗಾದರೆ ನಿಮ್ಮ ನಿಯಮ ಯಾರಿಗಾಗಿ? ಆರೋಗ್ಯವಾಗಿರುವವರಿಗೆ ನಿಮಗೆ ಗಂಭೀರ ಕಾಯಿಲೆ ಇಲ್ಲ ಎಂದು ತಿಳಿಸಲಿಕ್ಕೋ? ರಕ್ತ ಕೊಡುವಾಗ ಅವರು ಪಾಲ್ಗೊಂಡವರಾಗಿದ್ದರು. ನಿಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗ ಆಗಿದ್ದರು. ಎರಡನೇ ಸಲ ರಜೆ ಹಾಕಿ ಬಂದಾಗಲೂ ಆಗಿದ್ದರು. ನಿಮಗೆ ಅವರಿಂದ ಬೇಕಾದದ್ದು ಇರುವ ತನಕ ಅವರು ನಿಮ್ಮವರು. ನಿಮ್ಮಿಂದ ಅವರಿಗೆ ಬೇಕಾದದ್ದು ಬಂದ ಕೂಡಲೇ ಅವರು ಯಾರೋ. ಇದನ್ನು ನೈತಿಕತೆ ಎಂದು ಕರೆಯುವುದಾದರೆ ಅನೈತಿಕತೆಗೆ ಹೊಸ ಹೆಸರು ಹುಡುಕಬೇಕಾಗುತ್ತದೆ.

ನಿಮ್ಮ ಸಂಶೋಧನೆಯ ಫಲಿತಾಂಶವೂ ಪ್ರಕಟವಾಗಿದೆಯಂತೆ. ಗದ್ದೆಗಿಳಿಯದ ನೌಕರದಾರರ, ಅಂಗಡಿಕಾರರ ಮೂತ್ರಪಿಂಡಗಳು ಉತ್ತಮ ಸ್ಥಿತಿಯಲ್ಲಿವೆ ಎಂದು ಅದರಲ್ಲಿ ಬರೆದಿದ್ದಾರಂತೆ. ಇರದೆ ಇನ್ನೇನು? ಉತ್ತಮ ಸ್ಥಿತಿಯಲ್ಲಿ ಇಲ್ಲದವರನ್ನು ಮೊದಲೇ ಹೊರಗೆ ಕಳಿಸಿದ್ದೀರಲ್ಲ. ನಾನೂ ನನ್ನ ತರಗತಿಯಲ್ಲಿ ಓದಲು ಬಾರದ ಮಕ್ಕಳ ಹೆಸರು ಹೊಡೆದುಹಾಕಿ, ನಮ್ಮ ಶಾಲೆಯಲ್ಲಿ ಓದಲು ಬಾರದ ಮಗುವೇ ಇಲ್ಲ ಎಂದು ವರದಿ ಕೊಡಬಹುದು. ಕೊಟ್ಟರೆ ನನ್ನನ್ನು ಮನೆಗೆ ಕಳಿಸುತ್ತಾರೆ. ನಿಮ್ಮಲ್ಲಿ ಅದಕ್ಕೆ ಪ್ರಬಂಧ ಎನ್ನುತ್ತಾರೆ.

ಈಗ ಲಕ್ಷ್ಮಣ ವಾರಕ್ಕೆರಡು ಸಲ ಸಿಂಧನೂರಿಗೆ ಡಯಾಲಿಸಿಸ್‌ಗೆ ಹೋಗುತ್ತಾರೆ. ತಾವು ಟಿಕೆಟ್ ಕೊಡುತ್ತಿದ್ದ ಬಸ್ಸಿನಲ್ಲೇ ಪ್ರಯಾಣಿಕರಾಗಿ ಕೂಡುತ್ತಾರೆ. ಹೊಸ ಕಂಡಕ್ಟರರು ಅವರಿಗೆ ಮುಂದಿನ ಸೀಟು ಕಾಯ್ದಿಡುತ್ತಾರೆ. ಹೋಗುವಾಗ ಮಾತಾಡುವ ಮನುಷ್ಯ ಬರುವಾಗ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿರುತ್ತಾರೆ. ಅಳೆದು ನೀರು ಕುಡಿಯಬೇಕು. ನಮ್ಮ ಸೀಮೆಯ ಬಿಸಿಲಲ್ಲಿ ಅದು ಎಂಥ ಶಿಕ್ಷೆ ಎಂದು ನಾನು ಹೇಳಬೇಕಾಗಿಲ್ಲ. ಒದ್ದೆ ಬಟ್ಟೆ ತುಟಿಗೆ ಒತ್ತಿಕೊಂಡು ಕೂಡುತ್ತಾರೆ. ನನ್ನದೊಂದು ಮೂತ್ರಪಿಂಡ ಕೊಡುತ್ತೇನೆಂದು ಪರೀಕ್ಷೆಗೆ ಹೋದೆ. ರಕ್ತದ ಗುಂಪು ಹೊಂದಲಿಲ್ಲ. ಹೊಂದುವುದಿಲ್ಲ ಎಂದವರು ಈ ಸಲ ಎದುರಿಗೆ ಕೂರಿಸಿಕೊಂಡು ಕಾರಣ ಹೇಳಿದರು.

ಆಗಲೇ ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ಲಿಂಗಸುಗೂರಿನ ಡಾಕ್ಟರನ್ನು ಕೇಳಿದೆ. ಅವರು ಖಂಡಿತ ಎನ್ನಲಿಲ್ಲ. ನೋವಿನ ಗುಳಿಗೆ ಬಿಡಿಸಿ, ಬಿಪಿ ಹತೋಟಿಗೆ ತಂದಿದ್ದರೆ ಬಹಳ ವರ್ಷ ಈ ಯಂತ್ರದ ಹತ್ತಿರ ಬರದೆ ಇರಬಹುದಿತ್ತು ಎಂದರು. ಆ ‘ಇರಬಹುದಿತ್ತು’ ಎಂಬುದನ್ನು ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೇನೆ.

ಇದು ಬರೀ ನನ್ನ ಗಂಡನ ಕಥೆಯಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಒಂದು ದಿನ ಲಕ್ಷ್ಮಣ ಹಾಸಿಗೆಯಲ್ಲಿ ಮಲಗಿಕೊಂಡೇ, ಆ ಶಿಬಿರದ ಸಾಲಿನಲ್ಲಿ ತನ್ನ ಹಿಂದೆ ಮಸ್ಕಿಯ ದರ್ಜಿ ಜಂಗ್ಲಿಸಾಬ್ ಇದ್ದರು, ಅವರಿಗೂ ಬರಬೇಡಿ ಎಂದು ಫೋನ್ ಬಂದಿತ್ತು ಎಂದರು. ನಾನು ಚಪ್ಪಲಿ ಮೆಟ್ಟಿ ಅವರ ಅಂಗಡಿಗೆ ನಡೆದೆ. ಜಂಗ್ಲಿಸಾಬ್ ಮಿಷನ್ ತುಳಿಯುತ್ತಿದ್ದರು. ವಿಷಯ ಹೇಳಿದೆ.

“ನನಗೇನಾಗೈತ್ರಿ ಅಕ್ಕೋರ, ಕಲ್ಲಿನಂಗ ಅದೀನಿ,” ಎಂದು ನಕ್ಕರು. “ವಯಸ್ಸಾತು ಅಂತ ಬ್ಯಾಡ ಅಂದಿರಬೇಕು.”

“ನಮ್ಮವ್ರೂ ಹಿಂಗ ನಕ್ಕಿದ್ರು, ಸಾಬ್ರ.”

ಅವರ ಕಾಲು ತುಳಿಯುವುದನ್ನು ನಿಲ್ಲಿಸಿತು. ಒಳಗಿದ್ದ ಅವರ ಹೆಂಡತಿ ರಹೀಮಾಬೀ ಬಾಗಿಲಿಗೆ ಬಂದು ನಿಂತಳು. “ನಾಳೆ ಅಂಗಡಿ ತೆರಿಬ್ಯಾಡ್ರಿ,” ಎಂದು ಗಂಡನಿಗೆ ಹೇಳಿದಳು. “ಅಕ್ಕೋರು ಎಲ್ಲಿಗೆ ಅಂತಾರ ಅಲ್ಲಿಗೆ ಹೋಗೂಣು.”

ಮರುದಿನ ಮೂವರೂ ಲಿಂಗಸುಗೂರಿಗೆ ಹೋದೆವು. ರಕ್ತ, ಮೂತ್ರ, ಸ್ಕ್ಯಾನ್. ಜಂಗ್ಲಿಸಾಬರ ಮೂತ್ರಪಿಂಡಗಳೂ ಸೋಲತೊಡಗಿವೆ. ಆದರೆ ಬೇಗ ಬಂದಿದ್ದೀರಿ ಎಂದರು ಡಾಕ್ಟರು. ಬೆನ್ನುನೋವಿಗೆ ಅವರೂ ಅದೇ ಗುಳಿಗೆ ನುಂಗುತ್ತಿದ್ದರು, ಬಿಡಿಸಿದರು. ಬಿಪಿಗೆ ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು. ಈಗಲೂ ಅಂಗಡಿಯಲ್ಲಿ ಕೂತು ಹೊಲಿಯುತ್ತಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಒಂದು ಮಾತು. ಅದನ್ನು ಹೇಳಲು ಯಂತ್ರ ಬೇಕಿರಲಿಲ್ಲ, ಪ್ರಬಂಧ ಬೇಕಿರಲಿಲ್ಲ, ಒಬ್ಬ ಶಿಕ್ಷಕಿ ಬಜಾರಿನ ತನಕ ನಡೆದುಹೋಗಿದ್ದು ಸಾಕಾಯಿತು.

ಆಸ್ಪತ್ರೆಯಿಂದ ಹೊರಗೆ ಬಂದು ಮರದ ಕೆಳಗೆ ಕೂತಾಗ ಜಂಗ್ಲಿಸಾಬ್ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಕೇಳಿದರು, “ಅಕ್ಕೋರ, ಹಿಂಗ ಇನ್ನೂ ಯಾರ್‌ಯಾರಿಗೆ ಬ್ಯಾಡ ಅಂದಾರ?”

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ. ನಿಮ್ಮ ಬಳಿ ಇದೆ. ನಾನು ತುರ್ವಿಹಾಳದಲ್ಲಿ ಕೇಳಿದ್ದೇನೆ, ಕ್ಯಾಂಪಿನ ಅಂಗಡಿಗಳಲ್ಲಿ ಕೇಳಿದ್ದೇನೆ, ಸಿಂಧನೂರಿನ ಮಾರುಕಟ್ಟೆಯಲ್ಲಿ ಕಂಡಕಂಡವರನ್ನು ನಿಲ್ಲಿಸಿ, ನಿಮಗೆ ಅಂಥ ಫೋನ್ ಬಂದಿತ್ತೇ ಎಂದು ಕೇಳಿದ್ದೇನೆ. ಕೆಲವರು ಹುಚ್ಚಿ ಎಂದುಕೊಂಡು ದಾಟಿಹೋದರು. ಇನ್ಯಾರೂ ಸಿಗಲಿಲ್ಲ. ಅವರು ಎಲ್ಲೋ ಇದ್ದಾರೆ. ಇವತ್ತೂ ಬೆನ್ನುನೋವೆಂದು ಗುಳಿಗೆ ನುಂಗುತ್ತಿರಬಹುದು. ಕಾಲು ಬಾತರೆ, ಹೋದ ವರ್ಷ ದೊಡ್ಡ ಡಾಕ್ಟರುಗಳೇ ನೋಡ್ಯಾರ ಎಂದು ಹೆಂಡತಿಯನ್ನು ಸುಮ್ಮನಾಗಿಸುತ್ತಿರಬಹುದು. ಅವರ ಫೋನ್ ನಂಬರು ನಿಮ್ಮ ಕಂಪ್ಯೂಟರಿನಲ್ಲಿದೆ. ನಾನು ಬಿಸಿಲಲ್ಲಿ ಅಲೆದು ಹುಡುಕಲಾಗದ್ದನ್ನು ನಿಮ್ಮ ಒಬ್ಬ ನೌಕರ ನೆರಳಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ಸರ್ಕಾರಿ ನೌಕರಿಯಲ್ಲಿರುವವಳು ಹೀಗೆ ಬಹಿರಂಗವಾಗಿ ಬರೆದರೆ ನೋಟಿಸ್ ಬರಬಹುದು ಎಂದು ನಮ್ಮ ಮುಖ್ಯಗುರುಗಳು ಎಚ್ಚರಿಸಿದ್ದಾರೆ. ಬರಲಿ. ಬರೆಯಲು ಕೂರುವ ಮೊದಲು ಲಕ್ಷ್ಮಣರನ್ನು ಕೇಳಿದೆ, ಏನು ಬರೆಯಲಿ ಎಂದು. ನಿಮ್ಮನ್ನು ಬೈಯಲು ಹೇಳುತ್ತಾರೆ ಎಂದುಕೊಂಡಿದ್ದೆ.

“ಸಂಶೋಧನಾ ಬ್ಯಾಡ ಅಂತ ಬರಿಬ್ಯಾಡ,” ಎಂದರು. “ಅದು ಬೇಕು. ಗದ್ದ್ಯಾಗ ದುಡಿಯೋ ಮಂದಿಗೆ ಬೇಕು. ನೋಡಿದ್ದನ್ನ ಹೇಳ್ರಿ ಅಂತ ಬರಿ, ಅಷ್ಟ.”

ನನಗಿಂತ ಅವರ ಮನಸ್ಸು ದೊಡ್ಡದು. ಅವರ ಮಾತನ್ನು ಹಾಗೆಯೇ ಇಲ್ಲಿ ಇಟ್ಟಿದ್ದೇನೆ.

ಈಗ ಅದೇ ಅಧ್ಯಯನದ ಎರಡನೇ ಹಂತ ಶುರುವಾಗುತ್ತದೆ ಎಂದು ಮಸ್ಕಿಯ ಬಸ್ ನಿಲ್ದಾಣದ ಗೋಡೆಗೆ ಹಾಳೆ ಅಂಟಿಸಿದ್ದಾರೆ. ‘ಆರೋಗ್ಯವಂತ ಸ್ವಯಂಸೇವಕರು ಬೇಕಾಗಿದ್ದಾರೆ.’ ನಿಮ್ಮ ಸಮಿತಿಯ ಒಪ್ಪಿಗೆ ಪಡೆದಿದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಹಾಗಾದರೆ ನೀವು ಮತ್ತೊಮ್ಮೆ ಒಪ್ಪಿದ್ದೀರಿ, ಅದೇ ನಿಯಮಕ್ಕೆ, ಅದೇ ಮೌನಕ್ಕೆ.

ನಾನು ನಿಮ್ಮಿಂದ ಪರಿಹಾರ ಕೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಮೊದಲ ಹಂತದಲ್ಲಿ ಪರೀಕ್ಷೆಯಲ್ಲಿ ದೋಷ ಕಂಡು ಯಾರನ್ನೆಲ್ಲ ಕೈಬಿಟ್ಟಿರೋ ಅವರೆಲ್ಲರಿಗೂ ಈ ವಾರವೇ ಫೋನ್ ಮಾಡಿಸಿ, ಅವರ ಭಾಷೆಯಲ್ಲಿ, ಏನು ಕಂಡಿತೆಂದು ಹೇಳಿಸಿ. ಎರಡನೇ ಹಂತದಲ್ಲಿ ರಕ್ತ ಕೊಟ್ಟ ಪ್ರತಿಯೊಬ್ಬರ ಕೈಗೂ ಅವರ ಫಲಿತಾಂಶ ಸೇರಬೇಕು, ಅವರು ನಿಮಗೆ ಬೇಕಾದವರಾಗಲಿ ಬೇಡವಾದವರಾಗಲಿ. ಇದಕ್ಕೆ ಒಪ್ಪುವ ತನಕ ಶಿಬಿರ ನಡೆಸಬೇಡಿ.

ನಡೆಸಿದರೆ ನಾನು ರಜೆ ಹಾಕಿ ಶಿಬಿರದ ಬಾಗಿಲ ಹೊರಗೆ ನಿಲ್ಲುತ್ತೇನೆ. ಜಂಗ್ಲಿಸಾಬ್ ಬರುತ್ತೇನೆಂದಿದ್ದಾರೆ. ಡಯಾಲಿಸಿಸ್ ಇಲ್ಲದ ದಿನ ತನಗೂ ಒಂದು ಕುರ್ಚಿ ಹಾಕಲು ಲಕ್ಷ್ಮಣ ಹೇಳಿದ್ದಾರೆ. ಒಳಗೆ ಹೋಗುವ ಒಬ್ಬೊಬ್ಬರಿಗೂ ನಾವು ಹೇಳುತ್ತೇವೆ: ರಕ್ತ ಕೊಡ್ರಿ, ಒಳ್ಳೇ ಕೆಲಸ, ಆದರೆ ನಾಳೆ ಇವರು ಫೋನ್ ಮಾಡಿ ಬರಬೇಡಿ ಅಂದರೆ, ಅವತ್ತೇ ಆಸ್ಪತ್ರೆಗೆ ಹೋಗ್ರಿ.

ಇಂತಿ,
ನಿಮ್ಮ ಶುಭ ಹಾರೈಕೆ ತಲುಪಿಯೂ ಗಂಡ ಚೇತರಿಸಿಕೊಳ್ಳದ,
ಸಂಘಮಿತ್ರಾ
ಮಸ್ಕಿ